ಹಾಡಿನ ಪೆಟ್ಟಿಗೆಯ ಒಳಗೆ ಏನೈತಿ?



ಬೀಸುಕಲ್ಲು ಹೆಂಗೆ ಬೀಸ್ತದೆ ಅಂತ ನಮಗೆ ಗೊತ್ತು. ಕೆಳಗಿನ ಕಲ್ಲು ಕೂತಿರ್ತದೆ. ಮೇಲಿನ ಕಲ್ಲು ತಿರುಗ್ತದೆ. ನಡುವೆ ಬಿದ್ದ ಕಾಳು ಹಿಟ್ಟಾಗ್ತದೆ. ಎಲ್ಲವೂ ಕಣ್ಣಿಗೆ ಕಾಣ್ತದೆ. ಕಲ್ಲು ಸವೆದರೆ ಮುಳ್ಳು ಹೊಯ್ಯಿಸಬೇಕು ಅಂತಲೂ ಗೊತ್ತು.

ಆದರೆ ಹಾಡಿನ ಪೆಟ್ಟಿಗೆ? ಗುಂಡಿ ಒತ್ತುತ್ತೇವೆ. ಹಾಡು ಬರ್ತದೆ. ಒಳಗೆ ಏನಾಗ್ತದೆ ಅಂತ ನಾವು ನೋಡಿಲ್ಲ. ಕೆಟ್ಟರೆ ಬೇರೆಯವರು ಹೇಳಿದ್ದನ್ನು ನಂಬುತ್ತೇವೆ. "ಮುಗೀತು, ಬಿಸಾಕ್ರಿ" ಅಂದರೆ ಬಿಸಾಕುತ್ತೇವೆ.

ಅಕ್ಷರ ಕಲಿತ ಮೇಲೆ ಮುಚ್ಚಿದ ಪುಸ್ತಕ ನಮಗೆ ತೆರೆಯಿತು. ಮುಚ್ಚಿದ ಪೆಟ್ಟಿಗೆಯನ್ನೂ ಹಾಗೇ ತೆರೆದು ನೋಡಬಹುದು. ಬನ್ನಿ, ನೋಡೋಣ.

ಹನುಮನಹಳ್ಳಿಯ ಪೆಟ್ಟಿಗೆ

ಹನುಮನಹಳ್ಳಿ ಕೊಪ್ಪಳ ಜಿಲ್ಲೆಯ ಊರು. ಗಂಗಾವತಿಯ ಕಡೆಗೆ, ಆನೆಗೊಂದಿಯ ಹತ್ತಿರ ಇದೆ. ಒಂದು ಕಡೆ ಅಂಜನಾದ್ರಿ ಬೆಟ್ಟ. ಇನ್ನೊಂದು ಕಡೆ ತುಂಗಭದ್ರಾ ಹೊಳೆ. ನಡುವೆ ಭತ್ತದ ಗದ್ದೆ, ಬಾಳೆ ತೋಟ.

ನಾಟಿ ಹಚ್ಚುವಾಗ ನಾವು ಹಾಡ್ತೀವಿ. ದಣಿದಾಗ ಪೆಟ್ಟಿಗೆ ಹಾಡ್ತದೆ. ಅದನ್ನು ಬದುವಿನ ಮೇಲೆ ಇಟ್ಟಿರ್ತೀವಿ. ಅಂಗೈ ಅಗಲದ ಪೆಟ್ಟಿಗೆ. ಅದರಲ್ಲಿ ರೇಡಿಯೋ ಬರ್ತದೆ. ಮೆಮರಿ ಕಾರ್ಡ್ ಹಾಕಿದರೆ ಹಾಡು ಬರ್ತದೆ. ಕತ್ತಲಲ್ಲಿ ದಾರಿ ನೋಡಲು ಸಣ್ಣ ದೀಪವೂ ಇದೆ.

ನಮ್ಮ ಕಲಿಕೆ ಗುಂಪಿನಲ್ಲೂ ಇಂಥ ಒಂದು ಪೆಟ್ಟಿಗೆ ಇತ್ತು. ಅದರ ಕಾರ್ಡಿನಲ್ಲಿ ಒಬ್ಬ ಹಿರಿಯಮ್ಮನ ಹಾಡುಗಳಿದ್ದವು. ಬೀಸೋ ಪದ, ಕುಟ್ಟೋ ಪದ, ಸೋಬಾನ ಪದ. ಅವರಿಗೆ ಓದು ಬರ್ತಿರಲಿಲ್ಲ. ಪದಗಳೆಲ್ಲ ಬಾಯಲ್ಲೇ ಇದ್ದವು. ಅವರು ಹಾಡಿದಾಗ ನಾವು ಫೋನಿನಲ್ಲಿ ಹಿಡಿದು, ಕಾರ್ಡಿಗೆ ಹಾಕಿಸಿದ್ದೆವು. ಫೋನಿನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿದ್ದೂ ಆಗಿತ್ತು. ಹಿರಿಯಮ್ಮ ಈಗ ಇಲ್ಲ.

ಒಂದು ದಿನ ಪೆಟ್ಟಿಗೆ ಮೂಕವಾಯಿತು. ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅಲ್ಲಿಯವರು ಬಿಚ್ಚಿಯೂ ನೋಡಲಿಲ್ಲ. "ಇದು ಹೋತು. ಹೊಸಾದು ತಗೊಳ್ರಿ" ಅಂದರು.

"ಪೆಟ್ಟಿಗೆ ಹೋದ್ರ ಹೋಗ್ಲಿ. ಅಮ್ಮನ ಪದ ಹೋದ್ರ ಎಲ್ಲಿಂದ ತರೋದು?" ಅಂದಳು ಒಬ್ಬ ತಂಗಿ.

ಅದಕ್ಕೇ ನಾವೇ ನೋಡೋಣ ಅಂತ ಕೂತೆವು.

ಬಿಚ್ಚುವ ಮುಂಚೆ ಯೋಚನೆ

ಮನೆಯಲ್ಲಿ ನೀರು ಬರದಿದ್ದರೆ ಏನು ಮಾಡ್ತೀವಿ? ಮೊದಲು ತೊಟ್ಟಿ ನೋಡ್ತೀವಿ. ಆಮೇಲೆ ಪೈಪು ನೋಡ್ತೀವಿ. ಕೊನೆಗೆ ನಲ್ಲಿ ನೋಡ್ತೀವಿ. ಒಂದೊಂದೇ ನೋಡಿದರೆ ಕೇಡು ಎಲ್ಲಿದೆ ಅಂತ ಸಿಗ್ತದೆ. ಯಂತ್ರಕ್ಕೂ ಇದೇ ದಾರಿ.

ನಾವು ಮೂರು ಪರೀಕ್ಷೆ ಮಾಡಿದೆವು.

ಮೊದಲನೇ ಪರೀಕ್ಷೆ: ಪೆಟ್ಟಿಗೆಯ ದೀಪದ ಗುಂಡಿ ಒತ್ತಿದೆವು. ದೀಪ ಉರಿಯಿತು. ಅಂದರೆ ಸೆಲ್ಲಿನಲ್ಲಿ ಶಕ್ತಿ ಇದೆ.

ಎರಡನೇ ಪರೀಕ್ಷೆ: ಕಾರ್ಡ್ ತೆಗೆದು ಒಂದು ಫೋನಿಗೆ ಹಾಕಿದೆವು. ಹಿರಿಯಮ್ಮನ ದನಿ ಕೇಳಿಸಿತು. ಎಲ್ಲರೂ ಸುಮ್ಮನೆ ಕೂತೆವು. ಅಂದರೆ ಹಾಡು ಉಳಿದಿದೆ. ಕಾರ್ಡ್ ಸರಿ ಇದೆ.

ಮೂರನೇ ಪರೀಕ್ಷೆ: ಕಾರ್ಡನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆವು. ಇಯರ್‌ಫೋನ್ ಚುಚ್ಚಿ ಕಿವಿಗೆ ಇಟ್ಟೆವು. ಹಾಡು ಕೇಳಿಸಿತು! ಅಂದರೆ ಪೆಟ್ಟಿಗೆ ಹಾಡನ್ನು ಓದ್ತಾ ಇದೆ.

ಸೆಲ್ ಸರಿ. ಕಾರ್ಡ್ ಸರಿ. ಓದುವ ಭಾಗ ಸರಿ. ಇನ್ನು ಉಳಿದದ್ದು ಏನು? ಸ್ಪೀಕರ್, ಇಲ್ಲವೇ ಸ್ಪೀಕರಿಗೆ ಹೋಗುವ ದಾರಿ. ಒಂದು ಸ್ಕ್ರೂ ಕೂಡ ಬಿಚ್ಚದೆ ಇಷ್ಟು ಗೊತ್ತಾಯಿತು.

ಎಚ್ಚರ! ಇವನ್ನು ಮರೆಯಬೇಡಿ

1. ಚಾರ್ಜರ್ ತೆಗೆಯಿರಿ. ಗೋಡೆಯ ಕರೆಂಟಿಗೆ ಹಚ್ಚಿದ ಯಾವ ಸಾಮಾನನ್ನೂ ಬಿಚ್ಚಬಾರದು. ಮನೆಯ ಕರೆಂಟು 230 ವೋಲ್ಟ್. ಅದು ಜೀವ ತೆಗೀತದೆ. ಟಿವಿ, ಮಿಕ್ಸರ್, ಚಾರ್ಜರ್ ಇವನ್ನು ನಾವು ಬಿಚ್ಚುವುದು ಬೇಡ. ಸೆಲ್ಲಿನ ಸಣ್ಣ ಪೆಟ್ಟಿಗೆಯನ್ನು ಮಾತ್ರ ಬಿಚ್ಚೋಣ.

2. ಸೆಲ್ ಹೊರಗೆ ತೆಗೆಯಿರಿ. ಆಮೇಲೆ ಸ್ಕ್ರೂಗೆ ಕೈ ಹಚ್ಚಿ. ಸೆಲ್ ಹೊರಗೆ ಬಾರದ ಪೆಟ್ಟಿಗೆಯಾದರೆ ಕಲಿತವರ ಕೈಗೇ ಕೊಡಿ.

3. ಸೆಲ್ಲಿಗೆ ಚುಚ್ಚಬೇಡಿ, ಬಗ್ಗಿಸಬೇಡಿ, ಒಲೆಗೆ ಹಾಕಬೇಡಿ. ಉಬ್ಬಿದ ಸೆಲ್ ಬಳಸಬೇಡಿ. ಅದು ಹೊತ್ತಿ ಉರಿಯಬಹುದು.

4. ಸಣ್ಣ ಮಕ್ಕಳನ್ನು ದೂರ ಇಡಿ. ಕೆಲವು ಆಟಿಕೆಗಳಲ್ಲಿ, ರಿಮೋಟುಗಳಲ್ಲಿ ಅಂಗಿಯ ಗುಂಡಿಯಂಥ ಸೆಲ್ ಇರ್ತದೆ. ಮಗು ಅದನ್ನು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬಿಚ್ಚಿದೆವು

ನೆಲದ ಮೇಲೆ ಬಿಳಿ ಬಟ್ಟೆ ಹಾಸಿದೆವು. ಸಣ್ಣ ಸ್ಕ್ರೂಡ್ರೈವರ್ ತಂದೆವು. ಒಂದು ತಟ್ಟೆ ಇಟ್ಟುಕೊಂಡೆವು. ಒಂದು ಹಾಳೆ, ಪೆನ್ಸಿಲ್ ಕೂಡ ಇಟ್ಟುಕೊಂಡೆವು.

"ಹಾಳೆ ಯಾಕಕ್ಕಾ?" ಅಂತ ಕೇಳಿದಳು ತಂಗಿ.

"ಬಿಚ್ಚೋದು ಸುಲಭ ಐತಿ. ಮತ್ತ ಜೋಡ್ಸೋದು ಕಷ್ಟ. ಯಾವ ಸ್ಕ್ರೂ ಎಲ್ಲಿಂದ ಬಂತು ಅಂತ ಬರದಿಡೋಣ."

ಹಾಳೆಯ ಮೇಲೆ ಪೆಟ್ಟಿಗೆಯ ಚಿತ್ರ ಬರೆದೆವು. ನಾಲ್ಕು ಮೂಲೆಗೆ 1, 2, 3, 4 ಅಂತ ಬರೆದೆವು. ಬಿಚ್ಚಿದ ಸ್ಕ್ರೂಗಳನ್ನು ಅದೇ ಅಂಕಿಯ ಮೇಲೆ ಇಟ್ಟೆವು. ಮುಚ್ಚಳ ತೆಗೆದ ಮೇಲೆ ಇನ್ನಷ್ಟು ಬರೆದೆವು. "ಕೆಂಪು ವಾಯರ್ ಬಲಕ್ಕೆ. ಕಪ್ಪು ವಾಯರ್ ಎಡಕ್ಕೆ." ಆ ದಿನ ನಮ್ಮ ಅಕ್ಷರ ಕೆಲಸಕ್ಕೆ ಬಂತು.

ಒಳಗೆ ನಾಲ್ಕು ಮುಖ್ಯ ಭಾಗಗಳು ಕಂಡವು.

1. ಸೆಲ್: ಪೆಟ್ಟಿಗೆಯ ಊಟ

ಚಪ್ಪಟೆ ಸೆಲ್. ಅದರ ಮೇಲೆ "ಬಿಎಲ್-5ಸಿ" ಅಂತ ಬರೆದಿತ್ತು. ಇದು ಮೊದಲು ನೋಕಿಯಾ ಕಂಪನಿಯ ಫೋನುಗಳಿಗೆ ಬಂದ ಸೆಲ್. ಈಗ ಹಲವು ಸಣ್ಣ ರೇಡಿಯೋ, ಸ್ಪೀಕರುಗಳಲ್ಲಿ ಇದೇ ಅಳತೆಯ ಸೆಲ್ ಇರ್ತದೆ. ಇದರ ಶಕ್ತಿ 3.7 ವೋಲ್ಟ್. ನಮ್ಮ ಟಾರ್ಚಿನ ಒಂದು ಸೆಲ್ 1.5 ವೋಲ್ಟ್. ಟಾರ್ಚಿನ ಸೆಲ್ ಮುಗಿದರೆ ಮುಗೀತು. ಇದನ್ನು ಮತ್ತೆ ಮತ್ತೆ ಚಾರ್ಜ್ ಮಾಡಬಹುದು. ಇದರೊಳಗೆ ಲಿಥಿಯಂ ಎಂಬ ಹಗುರ ಲೋಹ ಇದೆ.

2007ರಲ್ಲಿ ಒಂದು ಸಂಗತಿ ನಡೆಯಿತು. ಬೇರೆ ಕಂಪನಿ ಮಾಡಿಕೊಟ್ಟಿದ್ದ ಕೆಲವು ಬಿಎಲ್-5ಸಿ ಸೆಲ್ಲುಗಳು ಚಾರ್ಜ್ ಮಾಡುವಾಗ ತೀರಾ ಬಿಸಿ ಆಗುತ್ತಿದ್ದವು. ಅಂಥ ಸಾಧ್ಯತೆ ಇದ್ದ ಸೆಲ್ಲುಗಳು 4 ಕೋಟಿ 60 ಲಕ್ಷ. ಅವನ್ನು ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಅಂತ ನೋಕಿಯಾ ಹೇಳಿತು. ದೊಡ್ಡ ಕಂಪನಿಯ ಹೆಸರಿನ ಸೆಲ್ಲಿಗೇ ಹೀಗಾದರೆ, ಹೆಸರಿಲ್ಲದ ಅಗ್ಗದ ಸೆಲ್ಲಿಗೆ ಎಷ್ಟು ಎಚ್ಚರ ಬೇಕು? ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಚಾರ್ಜಿಗೆ ಇಡಬೇಡಿ. ರಾತ್ರಿಯಿಡೀ ಹಚ್ಚಿ ಮಲಗಬೇಡಿ.

2. ಹಸಿರು ಹಲಗೆ: ಪೆಟ್ಟಿಗೆಯ ತಲೆ

ಒಳಗೆ ಒಂದು ತೆಳ್ಳನೆಯ ಹಸಿರು ಹಲಗೆ ಇತ್ತು. ಇದಕ್ಕೆ ಸರ್ಕ್ಯೂಟ್ ಬೋರ್ಡ್ ಅಂತಾರೆ. ಅದರ ಮೇಲೆ ಗದ್ದೆಯ ಕಾಲುವೆಗಳ ಹಾಗೆ ಗೆರೆಗಳಿವೆ. ಅವು ತಾಮ್ರದ ಗೆರೆ. ಕಾಲುವೆಯಲ್ಲಿ ನೀರು ಹರಿದಂತೆ ತಾಮ್ರದ ಗೆರೆಯಲ್ಲಿ ಕರೆಂಟು ಹರೀತದೆ.

ಹಲಗೆಯ ಮೇಲೆ ಕರಿ ಹುಳುಗಳಂಥ ತುಂಡುಗಳು ಕೂತಿದ್ದವು. ಎರಡೂ ಕಡೆ ಸಣ್ಣ ಕಾಲು. ಇವಕ್ಕೆ ಚಿಪ್ ಅಂತಾರೆ. ಒಂದು ಚಿಪ್ ಕಾರ್ಡಿನ ಹಾಡನ್ನು ಓದ್ತದೆ. ಇನ್ನೊಂದು ಆ ಸಣ್ಣ ಕರೆಂಟನ್ನು ಜೋರು ಮಾಡ್ತದೆ.

ಚಿಪ್ಪಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಟ್ರಾನ್ಸಿಸ್ಟರುಗಳು ಇರ್ತವೆ. ಟ್ರಾನ್ಸಿಸ್ಟರ್ ಅಂದರೆ ಕರೆಂಟಿನ ತೂಬು. ತೆರೆದರೆ ಹರೀತದೆ, ಮುಚ್ಚಿದರೆ ನಿಲ್ತದೆ. ಇದನ್ನು ಅಮೆರಿಕದ ವಿಜ್ಞಾನಿಗಳು 1947ರಲ್ಲಿ ಕಂಡುಹಿಡಿದರು. ಅದಕ್ಕೂ ಮುಂಚೆ ರೇಡಿಯೋದಲ್ಲಿ ಗಾಜಿನ ಬುರುಡೆ ಇರ್ತಿದ್ದವು. ಅದು ಕಟ್ಟಿಗೆಯ ದೊಡ್ಡ ಪೆಟ್ಟಿಗೆ. ನಮ್ಮ ನಾಡಿನಲ್ಲಿ ಮೊದಲ ರೇಡಿಯೋ ಕೇಂದ್ರ ಶುರುವಾದದ್ದು 1935ರಲ್ಲಿ, ಮೈಸೂರಿನಲ್ಲಿ. ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ಅದನ್ನು ಶುರು ಮಾಡಿದರು. ಅದರ ಹೆಸರು "ಆಕಾಶವಾಣಿ". ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಧಾರವಾಡ ಕೇಂದ್ರ 1950ರಲ್ಲಿ ಬಂತು. ನಮಗೆ ಹತ್ತಿರದ ಆಕಾಶವಾಣಿ ಹೊಳೆಯಾಚೆಯ ಹೊಸಪೇಟೆಯದು.

3. ಮೆಮರಿ ಕಾರ್ಡ್: ಪೆಟ್ಟಿಗೆಯ ನೆನಪು

ಮೆಮರಿ ಅಂದರೆ ನೆನಪು. ಕಾರ್ಡ್ ನಮ್ಮ ಉಗುರಿನಷ್ಟೇ ಇದೆ. ಉದ್ದ 15 ಮಿಲಿಮೀಟರ್, ಅಗಲ 11 ಮಿಲಿಮೀಟರ್, ದಪ್ಪ 1 ಮಿಲಿಮೀಟರ್.

"ಇಷ್ಟ ಸಣ್ಣದರಾಗ ಹಾಡು ಹೆಂಗ ಕುಂದರ್ತೈತಿ?" ಅಂತ ಕೇಳಿದರು ಒಬ್ಬ ಅಕ್ಕ.

ಕನ್ನಡದಲ್ಲಿ 49 ಅಕ್ಷರಗಳಿವೆ. ಯಂತ್ರಕ್ಕೆ ಎರಡೇ ಅಕ್ಷರ, 0 ಮತ್ತು 1. ಕಾರ್ಡಿನ ಒಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಕೋಣೆಗಳಿವೆ. ಕೋಣೆಯಲ್ಲಿ ಕರೆಂಟಿನ ಕಣಗಳು ಕೂತಿದ್ದರೆ ಒಂದು ಅಕ್ಷರ. ಖಾಲಿ ಇದ್ದರೆ ಇನ್ನೊಂದು ಅಕ್ಷರ. ಹಾಡನ್ನು ಈ ಎರಡೇ ಅಕ್ಷರಗಳಲ್ಲಿ ಬರೆದಿಡ್ತಾರೆ. ಚಿಪ್ ಅದನ್ನು ಸಾಲಾಗಿ ಓದ್ತದೆ. ಪೆಟ್ಟಿಗೆ ಆರಿಸಿದರೂ ಬರೆದದ್ದು ಹೋಗುವುದಿಲ್ಲ.

ಕ್ಯಾಸೆಟ್ಟಿನ ಕಾಲ ನಮ್ಮಲ್ಲಿ ಹಲವರಿಗೆ ನೆನಪಿದೆ. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ತಂದಿತು. ಕಿಸೆಯಲ್ಲಿ ಇಟ್ಟು ಕೇಳುವ ವಾಕ್‌ಮನ್ ಎಂಬ ಪೆಟ್ಟಿಗೆಯನ್ನು ಜಪಾನಿನ ಸೋನಿ ಕಂಪನಿ 1979ರಲ್ಲಿ ಮಾಡಿತು. ಒಂದು ತಾಸಿನ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು. ಐದೂವರೆ ಮೀಟರಿನ 16 ಸೀರೆಗಳನ್ನು ಸಾಲಾಗಿ ಹಾಸಿದಷ್ಟು ಉದ್ದ! ಆ ಟೇಪಿಗೆ ಅಯಸ್ಕಾಂತ ವೈರಿ. ಹತ್ತಿರ ತಂದರೆ ಹಾಡು ಅಳೀತಿತ್ತು. ಕಾರ್ಡಿಗೆ ಆ ಭಯ ಇಲ್ಲ.

ಕಾರ್ಡಿನ ಹಿಂದೆ ಹಳದಿ ಗೆರೆಗಳು ಹೊಳೀತವೆ. ಅದು ಚಿನ್ನದ ಲೇಪ. ತೀರಾ ತೆಳ್ಳಗೆ ಬಳಿದಿರ್ತಾರೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅದಕ್ಕೇ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನೆಲದಾಳದಿಂದ ತೆಗೆಯುವುದೂ ಈ ಲೋಹವನ್ನೇ.

4. ಸ್ಪೀಕರ್: ಪೆಟ್ಟಿಗೆಯ ಬಾಯಿ

ಸ್ಪೀಕರ್ ಅಂದರೆ ಒಂದು ದುಂಡನೆಯ ಬಟ್ಟಲು. ಮುಂದೆ ಕಾಗದದ ತೆಳು ಹಾಳೆ. ಹಿಂದೆ ಭಾರವಾದ ಅಯಸ್ಕಾಂತ. ನಾವು ಹೊಲಿಯುವ ಸೂಜಿ ಹತ್ತಿರ ತಂದೆವು. ಟಕ್ಕನೆ ಅಂಟಿತು.

ಕಾಗದದ ಬುಡಕ್ಕೆ ತೆಳ್ಳನೆಯ ತಾಮ್ರದ ತಂತಿಯ ಸುರುಳಿ ಅಂಟಿಸಿರ್ತಾರೆ. ಸುರುಳಿಯಲ್ಲಿ ಕರೆಂಟು ಹರಿದರೆ ಅದೂ ಅಯಸ್ಕಾಂತ ಆಗ್ತದೆ. ಆಗ ಹಿಂದಿನ ಅಯಸ್ಕಾಂತ ಅದನ್ನು ಎಳೀತದೆ, ನೂಕ್ತದೆ. ಕಾಗದ ಹಿಂದೆ ಮುಂದೆ ಅಲುಗ್ತದೆ. ಕಾಗದ ಅಲುಗಿದರೆ ಗಾಳಿ ಅಲುಗ್ತದೆ. ಗಾಳಿ ಅಲುಗಿ ನಮ್ಮ ಕಿವಿಗೆ ಬಡೀತದೆ. ಅದೇ ದನಿ.

ಡೊಳ್ಳಿನಲ್ಲೂ ಇದೇ ನಡೀತದೆ. ಅಲ್ಲಿ ಗುಣಿ ಬಡಿದಾಗ ಚರ್ಮ ಅಲುಗ್ತದೆ. ಇಲ್ಲಿ ಕರೆಂಟು ಬಡಿದಾಗ ಕಾಗದ ಅಲುಗ್ತದೆ. ನಿಧಾನ ಅಲುಗಿದರೆ ದಪ್ಪ ದನಿ. ಬೇಗ ಬೇಗ ಅಲುಗಿದರೆ ಸಣ್ಣ ದನಿ.

ಕೇಡು ಸಿಕ್ಕಿತು

ನಮ್ಮ ಸ್ಪೀಕರಿಗೆ ಎರಡು ವಾಯರ್ ಇರಬೇಕಿತ್ತು. ಕಪ್ಪು ವಾಯರ್ ಅಂಟಿತ್ತು. ಕೆಂಪು ವಾಯರ್ ಬಿಟ್ಟು ಹೋಗಿತ್ತು! ಬದುವಿನಿಂದ ಬಿದ್ದು ಬಿದ್ದು ಅದು ಕಿತ್ತಿರಬೇಕು.

"ಸ್ಪೀಕರ್ ಸರಿ ಐತೋ ಇಲ್ಲೋ, ಹೆಂಗ ತಿಳಿಯೋದು?" ಅಂದಳು ತಂಗಿ.

ಅದಕ್ಕೂ ಉಪಾಯ ಇದೆ. ಟಾರ್ಚಿನ 1.5 ವೋಲ್ಟ್ ಸೆಲ್ ಒಂದನ್ನು ತಂದೆವು. ಎರಡು ಚೂರು ವಾಯರಿನಿಂದ ಸೆಲ್ಲಿನ ಎರಡು ತುದಿಯನ್ನು ಸ್ಪೀಕರಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿ ಬಿಟ್ಟೆವು. "ಟರ್" ಅಂತ ದನಿ ಬಂತು. ಕಾಗದ ಅಲುಗಿದ್ದು ಬೆರಳಿಗೂ ಗೊತ್ತಾಯಿತು. ಸ್ಪೀಕರ್ ಸರಿ ಇದೆ!

ಇನ್ನು ವಾಯರ್ ಬೆಸೆಯಬೇಕು. ಊರಿನಲ್ಲಿ ಐಟಿಐ ಕಲಿತ ಹುಡುಗಿ ಇದ್ದಳು. ಅವಳು ಬೆಸುಗೆ ಕಡ್ಡಿ ಕಾಯಿಸಿ ವಾಯರನ್ನು ಬೆಸೆದಳು. ಬೆಸುಗೆಯ ಲೋಹದಲ್ಲಿ ತವರ ಇರ್ತದೆ. ಹಲವು ಸಲ ಸೀಸವೂ ಇರ್ತದೆ. ಸೀಸ ವಿಷ. ಅದಕ್ಕೇ ಕಿಟಕಿ ತೆರೆದು ಕೂತಳು. ಹೊಗೆಗೆ ಮುಖ ಒಡ್ಡಲಿಲ್ಲ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದಳು.

ನಾವು ಹಾಳೆ ನೋಡಿ 4, 3, 2, 1 ಅಂತ ಸ್ಕ್ರೂ ಹಾಕಿದೆವು. ಸೆಲ್ ಹಾಕಿ ಗುಂಡಿ ಒತ್ತಿದೆವು. ಹಿರಿಯಮ್ಮನ ಬೀಸೋ ಪದ ಕೋಣೆ ತುಂಬಿತು.

ಇದು ಯಾರ ಕೆಲಸ?

"ಮಿಷನ್ ಬಿಚ್ಚೋದು ಗಂಡಸರ ಕೆಲಸ" ಅಂತ ಕೆಲವರು ಅಂತಾರೆ. ಇದು ನಿಜವೇ?

ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಶುರುವಾಯಿತು. ಅಲ್ಲಿ ಕೈಗಡಿಯಾರದ ಕೂದಲೆಳೆಯಂಥ ಭಾಗಗಳನ್ನು ಜೋಡಿಸಿದವರಲ್ಲಿ ಹೆಂಗಸರೂ ಇದ್ದರು. ಈಗ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆ ಇದೆ. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡೀತಾರೆ. ನಮ್ಮ ಕಿಸೆಯ ಸಾಮಾನನ್ನು ಜೋಡಿಸಿದ್ದೇ ಹೆಂಗಸರ ಕೈ ಇರಬಹುದು. ಹೂ ಕಟ್ಟುವ, ಕೌದಿ ಹೊಲಿಯುವ, ಅಕ್ಕಿಯಲ್ಲಿ ಕಲ್ಲು ಆರಿಸುವ ನಮ್ಮ ಕೈಗೆ ಸಣ್ಣ ಸ್ಕ್ರೂ ದೊಡ್ಡದಲ್ಲ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಇನ್ನೊಂದು ಲಾಭ ಇದೆ. ಅಂಗಡಿಗೆ ಹೋದಾಗ ಕೇಳಬಹುದು: "ಏನು ಕೆಟ್ಟೈತಿ? ಸೆಲ್ಲೋ, ಸ್ಪೀಕರೋ, ಬೋರ್ಡೋ? ಬದಲು ಮಾಡಿದ್ದರ ಹಳೇ ಭಾಗ ಕೊಡ್ರಿ. ಚೀಟಿ ಬರದು ಕೊಡ್ರಿ." ಕೇಳುವವರಿಗೆ ಮೋಸ ಮಾಡುವುದು ಕಷ್ಟ.

ಹಾಡು ಉಳಿಸೋಣ

ಕಾರ್ಡ್ ಸಣ್ಣದು. ಕಳೆದು ಹೋಗಬಹುದು, ಮುರಿಯಬಹುದು. ಹಲವು ವರ್ಷ ಬಳಸದೆ ಇಟ್ಟರೆ ಕೋಣೆಗಳ ಕರೆಂಟು ಸೋರಿ ಬರೆದದ್ದು ಅಳಿಯಬಹುದು. ಅದಕ್ಕೇ ಬೇಕಾದ ಹಾಡನ್ನು ಒಂದೇ ಕಡೆ ಇಡಬಾರದು. ಬಿತ್ತನೆ ಬೀಜವನ್ನು ಒಂದೇ ಗಡಿಗೆಯಲ್ಲಿ ಇಡ್ತೀವೇನು?

ನಾವು ಹಿರಿಯಮ್ಮನ ಪದಗಳನ್ನು ಇನ್ನೂ ಎರಡು ಕಡೆ ಹಾಕಿಸಿದೆವು. ಒಂದು ಬೇರೆ ಕಾರ್ಡಿಗೆ, ಇನ್ನೊಂದು ಕಂಪ್ಯೂಟರಿಗೆ. ಜೊತೆಗೆ ಮತ್ತೊಂದು ಕೆಲಸ ಶುರು ಮಾಡಿದೆವು. ದಿನಕ್ಕೆ ಒಂದು ಪದ ಕೇಳಿ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇವೆ. ಪುಸ್ತಕಕ್ಕೆ ಸೆಲ್ ಬೇಡ, ಚಾರ್ಜರ್ ಬೇಡ.

ಕೆಟ್ಟ ಸಾಮಾನು ಎಲ್ಲಿಗೆ?

ಹಳೇ ಸೆಲ್, ಬೋರ್ಡ್, ವಾಯರ್ ತಿಪ್ಪೆಗೆ ಹಾಕಬೇಡಿ. ಸುಡಬೇಡಿ. ಅದರ ಹೊಗೆ ವಿಷ. ಅದರ ಸೀಸ ಮಣ್ಣಿಗೆ, ಬಾವಿಗೆ, ಹೊಳೆಗೆ ಇಳೀತದೆ. ಇಂಥ ಕಸಕ್ಕೆ ಇ-ತ್ಯಾಜ್ಯ ಅಂತಾರೆ. ಇದರ ಬಗ್ಗೆ ಸರ್ಕಾರ 2022ರಲ್ಲಿ ಹೊಸ ನಿಯಮ ಮಾಡಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಹಳೇ ಸಾಮಾನಿನ ಮರುಬಳಕೆಗೆ ತಯಾರಿಸಿದ ಕಂಪನಿಯೇ ಹೊಣೆ ಅಂತ ನಿಯಮ ಹೇಳ್ತದೆ. ಸಾಮಾನಿನ ಮೇಲೆ ಕಸದ ಡಬ್ಬಿಗೆ ಅಡ್ಡಗೆರೆ ಹೊಡೆದ ಚಿತ್ರ ಇದ್ದರೆ, ಅದನ್ನು ಮನೆಯ ಕಸದಲ್ಲಿ ಹಾಕಬಾರದು ಅಂತ ಅರ್ಥ. ಇ-ತ್ಯಾಜ್ಯವನ್ನು ಬೇರೆ ಡಬ್ಬಿಯಲ್ಲಿ ಕೂಡಿಡಿ. ಎಲ್ಲಿ ತಗೊಳ್ತಾರೆ ಅಂತ ಪಂಚಾಯತಿಯಲ್ಲಿ ಕೇಳಿ.

ಹೊಸ ಪದಗಳು: ಜೋರಾಗಿ ಓದಿ

ಸ್ಪೀಕರ್, ಅಯಸ್ಕಾಂತ, ಸುರುಳಿ, ಬೆಸುಗೆ, ಮೆಮರಿ ಕಾರ್ಡ್, ಟ್ರಾನ್ಸಿಸ್ಟರ್, ಇ-ತ್ಯಾಜ್ಯ

ಬಿಟ್ಟ ಜಾಗ ತುಂಬಿ

1. ಯಂತ್ರದ ಅಕ್ಷರಗಳು ______ ಮತ್ತು ______.
2. ಸ್ಪೀಕರಿನ ಹಿಂದೆ ಭಾರವಾದ ______ ಇರ್ತದೆ.
3. ಮನೆಯ ಕರೆಂಟು ______ ವೋಲ್ಟ್.
4. ಉಬ್ಬಿದ ______ ಬಳಸಬಾರದು.

ಲೆಕ್ಕ ಮಾಡೋಣ

ಹಾಡಿನ ಅಳತೆಗೆ ಎಂಬಿ ಅಂತಾರೆ. ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ ಜಾಗ ಬೇಕು. ಒಂದು ಹಾಡು 4 ನಿಮಿಷ ಅನ್ನಿ.

1. ಒಂದು ಹಾಡಿಗೆ ಎಷ್ಟು ಎಂಬಿ ಬೇಕು?
2. ನಮ್ಮ ಕಾರ್ಡಿನಲ್ಲಿ 8000 ಎಂಬಿ ಜಾಗ ಇದೆ. ಅದರಲ್ಲಿ ಎಷ್ಟು ಹಾಡು ಹಿಡೀತವೆ?
3. ಒಂದು ತಾಸಿನ ಕ್ಯಾಸೆಟ್ಟಿನಲ್ಲಿ ಅಂಥ ಎಷ್ಟು ಹಾಡು ಹಿಡೀತವೆ?

(ಉತ್ತರ: 4 ಎಂಬಿ, 2000 ಹಾಡು, 15 ಹಾಡು)

ಕೂಡಿ ಮಾತಾಡಿ

1. ಅಂಗಡಿಯವರ ಮಾತು ನಂಬಿ ಪೆಟ್ಟಿಗೆಯನ್ನು ಕಾರ್ಡಿನ ಸಮೇತ ಬಿಸಾಕಿದ್ದರೆ ಏನಾಗುತ್ತಿತ್ತು?
2. ಸ್ಕ್ರೂ ಬಿಚ್ಚುವ ಮುಂಚೆ ಮಾಡಿದ ಮೂರು ಪರೀಕ್ಷೆ ಯಾವುವು? ಒಂದೊಂದರಿಂದ ಏನು ತಿಳಿಯಿತು?
3. ಯಾವ ಸಾಮಾನನ್ನು ನಾವು ಬಿಚ್ಚಬಾರದು? ಯಾಕೆ?

ಮಾಡಿ ನೋಡಿ

ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಒಂದು ಪದ ಕೇಳಿ. ಅದನ್ನು ನಿಮ್ಮ ಕೈಯಿಂದ ಬರೆಯಿರಿ. ಕೆಳಗೆ ಹಾಡಿದವರ ಹೆಸರು, ಊರು, ದಿನಾಂಕ ಬರೆಯಿರಿ. ಬರುವ ವಾರ ಗುಂಪಿನಲ್ಲಿ ಓದಿ ಹೇಳಿ.